ಕೆಂಪು ದಾರ ವಾಪಸ್ ಕೇಳಿದವರು

ಆಳು ಮಲಗುವಷ್ಟು ದೊಡ್ಡ ಕಸದ ಡಬ್ಬಿಯನ್ನು ಗಾಡಿಗೆ ಎತ್ತುವ ಮೊದಲು ಅದರ ಮೈಮೇಲೆ ಕೋಲಿನಿಂದ ಮೂರು ಸಲ ಬಡಿದು, "ಒಳಗ ಯಾರರ ಅದೀರೇನ್ರಿ?" ಎಂದು ಕೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಗದಗಿನ ಬಜಾರದಲ್ಲಿ, ಬೆಳಿಗ್ಗೆ ಆರೂವರೆಗೆ, ಅಂಗಡಿಗಳ ಶಟರುಗಳು ಇನ್ನೂ ಅರ್ಧ ಏರಿರುವಾಗ ಆ ಪ್ರಶ್ನೆ ಕೇಳಿಸುತ್ತಿತ್ತು. ಕೇಳಿ ಸುಮ್ಮನೆ ಮುಂದೆ ಹೋಗುತ್ತಿರಲಿಲ್ಲ. ಉತ್ತರಕ್ಕೆ ನಿಜವಾಗಿಯೂ ಕಾಯುತ್ತಿದ್ದರು. ಆಮೇಲೆ ಕೈ ಎತ್ತಿ ಸನ್ನೆ ಮಾಡಿದರೆ ಮಾತ್ರ ಡ್ರೈವರ್ ಮಾಬೂಸಾಬರು ಡಬ್ಬಿ ಎತ್ತುವ ಗುಂಡಿ ಒತ್ತಬೇಕು.

ಮಾಬೂಸಾಬರಿಗೆ ಇದು ತಮಾಷೆ. "ಬೀಗರ ಮನಿಗೆ ಬಂದಂಗ ಬಾಗಲಾ ಬಡೀತಿಯಲ್ಲ ಚಿಗವ್ವಾ, ಒಳಗ ಚಾ ಇಟ್ಟಾರೇನು?" ಎನ್ನುತ್ತಿದ್ದರು.

"ಇಟ್ಟಿದ್ರ ನಿನಗೂ ಒಂದ ಕಪ್ ತರತೀನಿ, ಸುಮ್ಮನ ಕುಂಡ್ರು" ಎನ್ನುತ್ತಿದ್ದರು ಚಿಗವ್ವ.

ಚಳಿಗಾಲದ ಒಂದು ಬೆಳಿಗ್ಗೆ ಮಾರ್ಕೆಟ್ ಯಾರ್ಡಿನ ಹತ್ತಿರದ ಡಬ್ಬಿಯೊಳಗಿಂದ "ಅದೀನ್ರಿ" ಎಂಬ ದನಿ ಬಂತು. ರಟ್ಟಿನ ಪೆಟ್ಟಿಗೆಗಳ ನಡುವೆ ಬೆಚ್ಚಗೆ ಮಲಗಿದ್ದ ಒಬ್ಬ ಹಮಾಲ. ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದವನು ತನ್ನ ಒಂದು ಚಪ್ಪಲಿ ಒಳಗೇ ಉಳಿಯಿತೆಂದು ತಕರಾರು ತೆಗೆದ. ಇವರು ಕೊಕ್ಕೆ ಹಾಕಿ ಅದನ್ನು ಹುಡುಕಿ ಕೊಟ್ಟರು. ಮಾಬೂಸಾಬರು ಗಾಡಿಯಿಂದ ಇಳಿದು, ಫುಟ್‌ಪಾತಿನ ಮೇಲೆ ಕುಳಿತು, ಒಂದು ಬೀಡಿ ಪೂರ್ತಿ ಸೇದಿದ ಮೇಲೆಯೇ ಮತ್ತೆ ಸ್ಟೇರಿಂಗ್ ಹಿಡಿದದ್ದು. ಬೀಗರ ಮಾತನ್ನು ಅವರು ಆಮೇಲೆ ಎತ್ತಲಿಲ್ಲ.

ಚಿಗವ್ವ ಕಳೆದ ತಿಂಗಳು ಮುಂಡರಗಿಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿ ಎರಡು ದಿನವಾಗಿತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಫೋಟೊ ತೆಗೆಯಲು ಯಾರಾದರೂ ಬಂದರೆ ಗಾಡಿಯ ಹಿಂದೆ ಸರಿಯುತ್ತಿದ್ದವರು ಅವರು. ಹೆಸರು ಅಚ್ಚಾಗುವುದನ್ನು ಒಪ್ಪುತ್ತಿರಲಿಲ್ಲ. ಗಾಡಿಯ ಮೇಲಿನವರೆಲ್ಲ, ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಮಾಬೂಸಾಬರೂ ಸೇರಿ, ಚಿಕ್ಕಮ್ಮ ಎಂಬ ಅರ್ಥದಲ್ಲಿ ಚಿಗವ್ವ ಎಂದೇ ಕರೆಯುತ್ತಿದ್ದುದರಿಂದ ನನಗೂ ಅದೇ ರೂಢಿ.

ಧಾರವಾಡದಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಇದು. ಹೋಟೆಲು, ಖಾನಾವಳಿ, ಅಂಗಡಿ, ಗೋದಾಮುಗಳ ಕಸ ಎತ್ತುವ ಗುತ್ತಿಗೆ ಹಿಡಿದಿದ್ದ ಒಂದು ಸಣ್ಣ ಸಂಸ್ಥೆ. ಎರಡು ಗಾಡಿ ಗದಗ-ಬೆಟಗೇರಿಯಲ್ಲಿ ಓಡುತ್ತಿದ್ದವು, ಇನ್ನೊಂದು ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಗೆ. ನೇಮಕದ ಪತ್ರದಲ್ಲಿ ನನ್ನನ್ನು ಸುರಕ್ಷತಾ ಮೇಲ್ವಿಚಾರಕಿ ಎಂದು ಬರೆದಿದ್ದರು. ಚಿಗವ್ವ ಮೊದಲನೆಯ ಗಾಡಿಯ ಮುಕಾದಮರು. ಆರು ಜನ ಕೆಲಸಗಾರ್ತಿಯರು ಅವರ ಕೈಕೆಳಗೆ. ಇಳಕಲ್ ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ, ಕಾಲಿಗೆ ರಬ್ಬರ್ ಬೂಟು. ಬೂಟಿನೊಳಗೆ ಹಳೆಯ ಕಾಲುಚೀಲ ಎರಡೆರಡು.

ನಾನು ಮೊದಲು ಮಾಡಿದ ಕೆಲಸ ಎಲ್ಲರನ್ನೂ ಕೂರಿಸಿ, ಕೈಗವಸು ಹಾಕದಿದ್ದರೆ ಏನಾಗುತ್ತದೆ ಎಂದು ಅರ್ಧ ತಾಸು ಹೇಳಿದ್ದು. ಯಾರೂ ಎದುರಾಡಲಿಲ್ಲ. ಮರುದಿನ ಯಾರೂ ಕೈಗವಸು ಹಾಕಿರಲಿಲ್ಲ. ನಾನು ಚಿಗವ್ವನನ್ನು ಕೇಳಿದೆ. ಅವರು ತಮ್ಮ ಜೋಡಿಯನ್ನು ನನ್ನ ಕೈಗೆ ಹಾಕಿದರು. ತುಂಬಿದ ಚೀಲವೊಂದನ್ನು ಮುಂದೆ ಇಟ್ಟು, "ಬಾಯಿ ಕಟ್ರಿ" ಎಂದರು.

ಬೆರಳುಗಳ ತುದಿಯಲ್ಲಿ ಒಂದೊಂದು ಅಂಗುಲ ರಬ್ಬರು ಖಾಲಿ ಜೋಲುತ್ತಿತ್ತು. ಮೂರು ಸಲ ಗಂಟು ಹಾಕಲು ನೋಡಿದೆ. ಮೂರನೆಯ ಸಲ ಗಂಟಿನ ಜೊತೆಗೆ ಕೈಗವಸಿನ ತುದಿಯೂ ಸಿಕ್ಕಿಕೊಂಡಿತು. ಹೆಣ್ಣುಮಕ್ಕಳು ನಕ್ಕರು. ಚಿಗವ್ವ ನಗಲಿಲ್ಲ.

"ಗಂಡಸೂರ ಅಳತೀವು ಇವು ಮೇಡಮ್ಮಾರ. ಗಾಡಿ ಓಡೂ ಮುಂದ ಹಿಂದ ಕಸಾ ಒತ್ತೂ ಹಲ್ಲಿಗೆ ಇದರ ತುದಿ ಸಿಕ್ಕಿತಂದ್ರ ಕೈಯೂ ಹೋಗತೈತಿ. ಬರಿಗೈ ಹರದರ ಬರೇ ಚರ್ಮ ಹರೀತೈತಿ. ಯಾವುದು ಚಲೋ, ನೀವ ಹೇಳ್ರಿ."

ಸಣ್ಣ ಅಳತೆಯ ಕೈಗವಸುಗಳನ್ನು ತರಿಸಿದ ಮೇಲೆ ನಾನು ಯಾರಿಗೂ ಉಪನ್ಯಾಸ ಕೊಡಬೇಕಾಗಲಿಲ್ಲ.

ನೀರಿನ ವಿಷಯದಲ್ಲಿ ಆದದ್ದೂ ಹೀಗೆಯೇ. ಬಿಸಿಲಿನಲ್ಲಿ ಕೆಲಸ ಮಾಡುವವರು ತಾಸಿಗೊಮ್ಮೆ ನೀರು ಕುಡಿಯಬೇಕು ಎಂದು ಗಾಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದೆ. ಚೀಟಿಯಲ್ಲಿ ಏನಿದೆ ಎಂದು ಮಾಬೂಸಾಬರನ್ನು ಕೇಳಿ ತಿಳಿದುಕೊಂಡು, ಚಿಗವ್ವ ನನ್ನನ್ನು ಬದಿಗೆ ಕರೆದರು. "ಕುಡೀರಿ ಅಂತ ಬರದೀರಿ. ಹೋಗೂದೆಲ್ಲಿ ಅಂತ ಬರದಿಲ್ಲ."

ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ನಾಚಿಕೆಯಾಯಿತು. ಬೆಳಗಿನ ಆರರಿಂದ ಮಧ್ಯಾಹ್ನದ ಎರಡರವರೆಗೆ ದಾರಿಯಲ್ಲಿ ಎಲ್ಲೂ ಶೌಚಾಲಯವಿಲ್ಲದೆ ಆ ಹೆಣ್ಣುಮಕ್ಕಳು ಬೇಕೆಂದೇ ನೀರು ಕುಡಿಯದೆ ಇರುತ್ತಿದ್ದರು. ಅಂದು ನಾನೂ ಅವರೂ ಗಾಡಿಯ ದಾರಿಯುದ್ದಕ್ಕೂ ಹೋಟೆಲು, ಲಾಡ್ಜುಗಳ ಮಾಲಕರನ್ನು ಕಂಡೆವು. ನಾನು ಮೆಲುದನಿಯಲ್ಲಿ ವಿನಂತಿಯ ಮಾತು ಶುರು ಮಾಡುವ ಮೊದಲೇ ಚಿಗವ್ವ ಒಬ್ಬ ಮಾಲಕರ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಹೇಳಿಬಿಟ್ಟರು: "ಸಾಹುಕಾರ, ನಿಮ್ಮ ಹೊಲಸ ದಿನಾ ನಾವು ಹೊರತೀವಿ. ನಮ್ಮದು ಒಂದ ಚೂರ ನೀವ ಇಟ್ಟಗೋರಿ."

ಇಡ್ಲಿ ತಿನ್ನುತ್ತಿದ್ದ ಗಿರಾಕಿಗಳು ತಲೆ ಎತ್ತಿದರು. ಮಾಲಕರು ಕೆಂಪಾಗಿ, ಆಮೇಲೆ ನಕ್ಕು, ಹಿಂದಿನ ಬಾಗಿಲಿನ ಚಿಲಕ ತೋರಿಸಿದರು. ಅಂಥ ಐದು ಬಾಗಿಲುಗಳನ್ನು ಅಂದು ಚಿಗವ್ವ ತೆರೆಸಿದರು.

ಅವರಿಗೆ ಕೆಟ್ಟ ಚಾಳಿಗಳೂ ಇದ್ದವು. ತಂಬಾಕು ಹಾಕುತ್ತಿದ್ದರು. ಮಾಸ್ಕ್ ಹಾಕಿಕೊಳ್ಳಲು ಒಪ್ಪುತ್ತಲೇ ಇರಲಿಲ್ಲ, "ಬಾಯಿ ಮುಚಗೊಂಡ ಬೈಯೂದು ಹೆಂಗ್ರಿ?" ಎನ್ನುತ್ತಿದ್ದರು. ಬೈಗುಳಕ್ಕೇನೂ ಕೊರತೆ ಇರಲಿಲ್ಲ. ಖಾನಾವಳಿಯೊಂದರಿಂದ ಒಲೆಯ ಬೂದಿ ಬರುತ್ತಿತ್ತು. ಬಿಸಿ ಬೂದಿ ಒಳಗೆ ಬಿದ್ದರೆ ಗಾಡಿಯಲ್ಲಿಯ ರಟ್ಟು, ಪ್ಲಾಸ್ಟಿಕ್ಕಿಗೆ ಬೆಂಕಿ. ಚಿಗವ್ವ ಪ್ರತಿ ಚೀಲದ ಹತ್ತಿರ ಮುಂಗೈಯ ಹಿಂಬದಿ ಹಿಡಿದು ನೋಡುತ್ತಿದ್ದರು.

"ನಿನ್ನೀ ಬೂದಿ ಐತಿ ಚಿಗವ್ವಾ, ತಣ್ಣಗ ಆಗೇತಿ" ಎಂದು ಖಾನಾವಳಿಯವನು ಒಂದು ದಿನ ಆಣೆ ಮಾಡಿದ.

"ಹಂಗಾರ ಅದರ ಮ್ಯಾಲ ಕುಂಡ್ರು. ನಾ ಹತ್ತ ಎಣಸತೀನಿ."

ಅವನು ಕೂರಲಿಲ್ಲ. ಚೀಲ ಅಂದು ಅಲ್ಲೇ ಉಳಿಯಿತು.

ಕೆಂಪು ದಾರದ ಯೋಚನೆ ಅವರದೇ. ಕುರ್ತಕೋಟಿಯಿಂದ ಮದುವೆಯಾಗಿ ಬೆಟಗೇರಿಗೆ ಬಂದವರು, ಈ ಕೆಲಸಕ್ಕೆ ಸೇರುವ ಮೊದಲು ವರ್ಷಗಟ್ಟಲೆ ನೇಕಾರರ ಮನೆಗಳಲ್ಲಿ ನೂಲು ಸುತ್ತಿದ್ದರು. ಮಗ್ಗದವರು ಬಿಸಾಡುವ ತುಂಡು ನೂಲಿನಲ್ಲಿ ಕೆಂಪನ್ನು ಆರಿಸಿ ತಂದು, ಹತ್ತೆಳೆ ಕೂಡಿಸಿ ಹುರಿ ಮಾಡಿ, ಅಂಗಡಿ ಅಂಗಡಿಗೆ ಹಂಚಿದರು. ಚೀಲದಲ್ಲಿ ಒಡೆದ ಗಾಜೋ ಚೂಪಾದದ್ದೋ ಇದ್ದರೆ ಬಾಯಿಗೆ ಕೆಂಪು ದಾರ ಕಟ್ಟಬೇಕು. ಆ ಚೀಲವನ್ನು ಕೆಲಸಗಾರರು ತಬ್ಬಿ ಹಿಡಿಯದೆ, ಕುತ್ತಿಗೆ ಹಿಡಿದು ಎತ್ತಿ, ಗಾಡಿಯ ಪಕ್ಕದ ಬೇರೆ ಕ್ರೇಟಿನಲ್ಲಿ ಇಡುತ್ತಾರೆ. ಓದು ಬಾರದವರಿಗೂ ತಿಳಿಯುವ ಗುರುತು. ಎರಡೇ ತಿಂಗಳಲ್ಲಿ ಕೈ ಕೊಯ್ದುಕೊಳ್ಳುವುದು ಬಹುಪಾಲು ನಿಂತಿತು. ನಾನು ಅದರ ಮೇಲೆ ಆರು ಪುಟದ ವರದಿ ಬರೆದೆ. ನಮ್ಮ ಮಾಲಕರು ಅದನ್ನು ಬಂದವರಿಗೆಲ್ಲ ತೋರಿಸಿದರು. ವರದಿಯ ಕೆಳಗೆ ನನ್ನ ಸಹಿ ಇತ್ತು, ಅದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತಿತ್ತು.

ನಮ್ಮ ದಾರಿಯಲ್ಲಿ ರಕ್ತ ತಪಾಸಣೆಯ ಒಂದು ಸಣ್ಣ ಲ್ಯಾಬ್ ಇತ್ತು. ಅಂಥಲ್ಲಿಯ ಸೂಜಿ, ರಕ್ತದ ಕಸವನ್ನು ನಾವು ಎತ್ತುವಂತಿಲ್ಲ. ಅದಕ್ಕೆ ಬೇರೆ ಗಾಡಿ, ಬೇರೆ ವ್ಯವಸ್ಥೆ. ಕಾಗದ, ಚಹಾದ ಕಪ್ಪು ಇಷ್ಟೇ ನಮಗೆ. ಕೆಂಪು ದಾರ ಅವರಿಗೂ ಕೊಟ್ಟಿದ್ದೆವು, ಒಡೆದ ಗ್ಲಾಸು ಇದ್ದರೆ ಇರಲಿ ಎಂದು. ಕೆಲವು ವಾರಗಳಿಂದ ಅಲ್ಲಿಂದ ಬರುವ ಚೀಲಕ್ಕೆ ದಿನವೂ ಕೆಂಪು ದಾರ ಇರುತ್ತಿತ್ತು. ಯಾರೂ ಯಾಕೆ ಎಂದು ಕೇಳಲಿಲ್ಲ. ದಾರ ಕಟ್ಟಿದ್ದಾರೆ, ಎಲ್ಲ ಸರಿಯಾಗಿದೆ ಎಂದೇ ನಾವು ತಿಳಿದಿದ್ದೆವು.

ಒಂದು ಬೆಳಿಗ್ಗೆ ಆ ಚೀಲವನ್ನು ರೇಣವ್ವ ಎತ್ತಿದಳು. ಗಾಡಿಯಲ್ಲಿ ಎಲ್ಲರಿಗಿಂತ ಚಿಕ್ಕವಳು. ಮನೆಯಲ್ಲಿ ಏಳು ತಿಂಗಳ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದಳು. ಹೇಳಿಕೊಟ್ಟ ಹಾಗೆಯೇ ಕುತ್ತಿಗೆ ಹಿಡಿದು ಎತ್ತಿದಳು. ಚೀಲ ತೂಗಾಡಿ ತೊಡೆಗೆ ತಾಗಿತು. "ಯವ್ವಾ" ಎಂದು ಕೂಗಿದಳು. ಸೀರೆಯನ್ನು ದಾಟಿ ಸೂಜಿ ಒಳಗೆ ಹೋಗಿತ್ತು.

ನಾನು ಅಂದು ಗಾಡಿಯ ಜೊತೆಗಿದ್ದೆ. ಚಿಗವ್ವ ರೇಣವ್ವನ ರಟ್ಟೆ ಹಿಡಿದು ಪಕ್ಕದ ಹೋಟೆಲಿನ ಹಿತ್ತಲ ನಲ್ಲಿಗೆ ಕರೆದೊಯ್ದು ಸೋಪು ಹಚ್ಚಿ ಗಾಯ ತೊಳೆಸಿದರು. ಅವಳು ಅದನ್ನು ಹಿಂಡಲು ಹೋದಾಗ ಕೈಗೆ ಹೊಡೆದರು. "ಹಿಂಡಬಾರದು ಅಂತ ಮೇಡಮ್ಮಾರ ಹೇಳಿಲ್ಲೇನು? ನೀರ ಬಿಡು, ಬರೇ ನೀರ ಬಿಡು." ನನ್ನ ತರಬೇತಿಯಲ್ಲಿ ಯಾರೂ ಕೇಳಲಿಲ್ಲ ಎಂದು ನಾನು ಅಂದುಕೊಂಡಿದ್ದ ಒಂದು ಮಾತು ಅದು. ಆಮೇಲೆ ಅವರು ಚೀಲವನ್ನು ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು ಕೊಯ್ದು ತೆರೆದರು. ಸೂಜಿಗಳು, ರಕ್ತ ಒಣಗಿದ ಸಣ್ಣ ಕೊಳವೆಗಳು, ಅವುಗಳ ಮೇಲೆ ಚೀಟಿಗಳು. ಒಂದು ಸೂಜಿಯನ್ನು ಇಕ್ಕಳದಿಂದ ಎತ್ತಿ ಖಾಲಿ ನೀರಿನ ಬಾಟಲಿಗೆ ಹಾಕಿ ಮುಚ್ಚಳ ತಿರುವಿದರು. ಮಾಬೂಸಾಬರು ಕಸದ ಗಾಡಿಯಲ್ಲೇ ನಮ್ಮನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು.

ದಾರಿಯಲ್ಲಿ ನಾನು ನಮ್ಮ ಮಾಲಕರಿಗೆ ಫೋನ್ ಮಾಡಿದೆ. ಅವರು ಹೇಳಿದರು: "ನೋಡ್ರಿ, ಆ ಲ್ಯಾಬ್ ನಮ್ಮ ಬೀಗರದು. ಕೇಸ್ ಆದರ ಅವರದೂ ಬಂದ್, ನಮ್ಮ ಗುತ್ತಿಗೀನೂ ಬಂದ್. ತಂತಿ ಚುಚ್ಚೇತಿ ಅಂತ ಬರಸ್ರಿ. ಔಷಧದ ಖರ್ಚು ನಾ ನೋಡ್ಕೋತೀನಿ."

ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯಲ್ಲಿ, ಗಾಯ ಹೇಗಾಯಿತು ಎಂಬುದರ ಮುಂದೆ, ನಾನು "ತಂತಿ" ಎಂದು ಬರೆದೆ. ಆ ಕೆಲಸ ನನಗೆ ಬೇಕಾಗಿತ್ತು. ಯಾಕೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಬರೆದದ್ದು ನಾನೇ. ತಂತಿಗೂ ಸೂಜಿಗೂ ಇರುವ ವ್ಯತ್ಯಾಸ ಅಲ್ಲಿದ್ದವರಲ್ಲಿ ನನ್ನಷ್ಟು ಚೆನ್ನಾಗಿ ತಿಳಿದವರು ಮೇಜಿನ ಆಚೆ ಕುಳಿತಿದ್ದ ಡಾಕ್ಟರೊಬ್ಬರೇ ಇದ್ದಿರಬೇಕು.

ಅವರು ಹಾಳೆ ನೋಡಿ, "ತಂತಿನಾ? ಹಾಗಾದ್ರೆ ಒಂದು ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸ್ತೀವಿ" ಎಂದರು.

"ಯಾವ ತಂತಿರಿ?" ಎಂದರು ಚಿಗವ್ವ. ಡಾಕ್ಟರನ್ನು ಕೇಳಿದರೂ ನೋಡಿದ್ದು ನನ್ನನ್ನು. ನಾನು ಪೆನ್ನಿನ ಕ್ಯಾಪು ನೋಡುತ್ತ ನಿಂತೆ.

ಅವರು ಬಾಟಲಿಯನ್ನು ಮೇಜಿನ ಮೇಲೆ ಇಟ್ಟರು. "ಡಾಕ್ಟರ, ಇದು ಚುಚ್ಚೇತಿ. ರಕ್ತ ತಗಿಯೂ ಲ್ಯಾಬಿನ ಚೀಲದಾಗಿಂದು. ಒಂದ ತಾಸ ಆಗೇತಿ, ಹೆಚ್ಚಿಗಿ ಆಗಿಲ್ಲ. ಮತ್ತ ಇನ್ನೊಂದ ಬರಕೋರಿ. ಚೂಪು ಇದ್ದರ ಕೆಂಪು ದಾರ ಕಟ್ರಿ, ಎತ್ತತೀವಿ ಅಂತ ಅವರಿಗೆ ಹೇಳಿದಾಕಿ ನಾನು. ದಾರ ಕಟ್ಟಿದ್ರ ಏನ ಹಾಕಿದರೂ ನಡೀತೈತಿ ಅಂತ ತಿಳಕೊಂಡ್ರು ಅವರು. ನಾ ಒಂದ ದಿನಾನೂ ಬಿಚ್ಚಿ ನೋಡಲಿಲ್ಲ. ಮೊದಲನೇ ತಪ್ಪು ನಂದು."

ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ, "ಮೇಡಮ್ಮಾರ, ಅದನ್ನ ಹೊಡದ ಹಾಕ್ರಿ" ಎಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಹೊಡೆದು ಹಾಕಿ, ನಡೆದದ್ದನ್ನು ನಡೆದ ಹಾಗೆ, ಲ್ಯಾಬಿನ ಹೆಸರಿನ ಸಮೇತ ಬರೆದು ಸಹಿ ಮಾಡಿದೆ.

ಡಾಕ್ಟರರ ನಡೆಯೇ ಬದಲಾಯಿತು. ಅರ್ಧ ತಾಸಿನಲ್ಲಿ ಎಚ್‌ಐವಿ ಸೋಂಕು ತಡೆಯುವ ಮೊದಲ ಮಾತ್ರೆ ರೇಣವ್ವನ ಹೊಟ್ಟೆಯಲ್ಲಿತ್ತು. ಇಪ್ಪತ್ತೆಂಟು ದಿನ ನುಂಗಬೇಕು, ಆರು ತಿಂಗಳವರೆಗೆ ಮೂರು ಸಲ ರಕ್ತ ಪರೀಕ್ಷೆ. ಕೊನೆಯಲ್ಲಿ ಅವರು ಕೇಳಿದರು, "ಮನೇಲಿ ಕೂಸಿದೆಯಾ? ಎದೆಹಾಲು ಕುಡಿಸ್ತೀಯಾ?" ರೇಣವ್ವ ಹೌದೆಂದಳು. ಖಾತ್ರಿಯಾಗುವ ತನಕ ಕುಡಿಸಬೇಡ ಎಂದರು. ಅಲ್ಲಿಯವರೆಗೂ ಗಟ್ಟಿಯಾಗಿದ್ದವಳು ಆಗ ಅತ್ತಳು. ಚಿಗವ್ವ ಅವಳ ತಲೆಯನ್ನು ತಮ್ಮ ಗಂಡಸರ ಅಂಗಿಗೆ ಒತ್ತಿ ಹಿಡಿದುಕೊಂಡು ಗೋಡೆಯ ಕಡೆ ನೋಡುತ್ತಿದ್ದರು.

ಮರುದಿನದಿಂದ ಮೂರು ದಿನ, ಕೆಲಸ ಮುಗಿದ ಮೇಲೆ, ಅವರು ಅಂಗಡಿ ಅಂಗಡಿಗೆ ಹೋಗಿ ದಾರ ವಾಪಸ್ ಕೇಳಿದರು. ನಾನು ಚೀಲ ಹಿಡಿದು ಹಿಂದೆ ಹೋದೆ. ಬಳೆ ಅಂಗಡಿಯ ಅಕ್ಕನಿಗೆ ಸಿಟ್ಟು ಬಂತು. "ಎಷ್ಟ ಚಂದ ನಡದಿತ್ತು. ಯಾರೋ ಒಬ್ಬರು ತಪ್ಪ ಮಾಡಿದ್ರ ನಮ್ಮದ್ಯಾಕ ಕಸಗೋತಿ ಚಿಗವ್ವಾ?"

"ನಿಂದೇನೂ ತಪ್ಪಿಲ್ಲವಾ. ದಾರ ಬಂದ ಮ್ಯಾಲ ನೀವು ಚೀಲದ ಕಡೆ ನೋಡೂದು ಬಿಟ್ರಿ. ನಾವೂ ಬಿಟ್ವಿ. ನಾಳಿಂದ ಖಾಲಿ ಎಣ್ಣಿ ಡಬ್ಬಿ ಕೊಡತೀನಿ, ಗಾಜ ಅದರಾಗ ಹಾಕು. ಬಾಯಿ ತೆರದ ಇಡು. ನಾನೂ ನೋಡತೀನಿ, ನೀನೂ ನೋಡು."

ತಾನೇ ಕಟ್ಟಿದ್ದನ್ನು, ಜನ ಮೆಚ್ಚಿದ್ದನ್ನು, ಹೀಗೆ ತಾನೇ ಬಾಗಿಲು ಬಾಗಿಲಿಗೆ ಹೋಗಿ ಬಿಚ್ಚಿದವರನ್ನು ನಾನು ವಿಶ್ವವಿದ್ಯಾಲಯದಲ್ಲಿಯೂ ನೋಡಿಲ್ಲ, ಆಮೇಲೆ ಕೆಲಸ ಮಾಡಿದ ಕಚೇರಿಗಳಲ್ಲಿಯೂ ನೋಡಿಲ್ಲ. ನನ್ನ ಆರು ಪುಟದ ವರದಿಯನ್ನು ನಾನೂ ಹಿಂದಕ್ಕೆ ತೆಗೆದುಕೊಂಡೆ. ಲ್ಯಾಬಿನ ಬಗ್ಗೆ ಸಂಬಂಧಪಟ್ಟ ಕಚೇರಿಗೆ ಪತ್ರ ಕಳಿಸಿದೆ. ಕೆಲವು ದಿನಗಳಲ್ಲಿ ಅಲ್ಲಿ ಸೂಜಿಗೆ ಬೇರೆ ಪೆಟ್ಟಿಗೆ, ಬೇರೆ ಗಾಡಿ ಬಂದವು.

ಮಾಲಕರು ನನ್ನನ್ನು ತೆಗೆಯಲಿಲ್ಲ. ಚಿಗವ್ವನ ಮುಕಾದಮಿಕೆ ತೆಗೆದು ಲಕ್ಷ್ಮೇಶ್ವರದ ಗಾಡಿಗೆ ಬರಿ ಕೆಲಸಗಾರ್ತಿಯಾಗಿ ಹಾಕಿದರು. ನಾನು ಅವರ ಪರವಾಗಿ ಮಾತಾಡಲು ಹೋಗುತ್ತೇನೆ ಎಂದಾಗ ಅವರೇ ತಡೆದರು. "ತಪ್ಪ ನಂದು ಅಂತ ನಾನ ಹೇಳೀನಲ್ರಿ. ಮತ್ತ ಅದಕ್ಕ ಏನರ ಆಗಬೇಕಲ್ಲ." ಅದು ಅನ್ಯಾಯ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವರಿಗೆ ಅನ್ನಿಸಿತ್ತೋ ಇಲ್ಲವೋ ತಿಳಿಯದು.

ರೇಣವ್ವನ ಮೂರೂ ಪರೀಕ್ಷೆಗೆ ಅವರು ಒಂದೊಂದು ದಿನದ ಪಗಾರ ಬಿಟ್ಟು ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬಂದರು. ಮೊದಲ ಸಲವೂ ಎರಡನೆಯ ಸಲವೂ ಏನೂ ಇಲ್ಲ ಎಂದರು. ಆರು ತಿಂಗಳ ಮೇಲಿನ ಕೊನೆಯ ಪರೀಕ್ಷೆಯಲ್ಲಿಯೂ ಏನೂ ಇಲ್ಲ ಎಂದು ಬಂತು. ಆಸ್ಪತ್ರೆಯ ಮೆಟ್ಟಿಲ ಮೇಲೆ ರೇಣವ್ವನ ಮಗಳು ಅಮ್ಮನ ಸೆರಗು ಹಿಡಿದು ನಿಂತಿದ್ದಳು. ಆಗಷ್ಟೇ ನಿಲ್ಲಲು ಕಲಿತಿದ್ದಳು. ನಾನು ಕಾಗದವನ್ನು ಎರಡು ಸಲ ಓದಿ ಹೇಳಿದೆ. ರೇಣವ್ವ ನಕ್ಕಳು.

"ಇನ್ನ ಕುಡಸಬಹುದು ಅಂತ ಸಿಸ್ಟರ್ ಅಂದ್ರು ಚಿಗವ್ವಾ. ಎಲ್ಲಿಂದ ಕುಡಸಲಿ? ಮೊದಲನೇ ತಿಂಗಳದಾಗ ಬತ್ತಿ ಹೋತು." ನಗುತ್ತಲೇ ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ನಗು ಇರಲಿಲ್ಲ. ಮಗಳನ್ನು ಎತ್ತಿಕೊಂಡು ಆಟೊ ಹತ್ತಿ ಹೋದಳು.

ಚಿಗವ್ವ ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ನನ್ನ ಜೊತೆ ಕಚೇರಿಗೆ ಬಂದರು. ಅಪಘಾತಗಳ ವಹಿ ತೆರೆದು ಸೂಜಿ ಚುಚ್ಚಿದ ದಿನದ ಸಾಲನ್ನು ಪೂರ್ತಿ ಮಾಡಲು ನಾನು ಕುಳಿತೆ. ಗಾಯದ ಬಗೆ, ಚಿಕಿತ್ಸೆ, ಕಳೆದುಹೋದ ಕೆಲಸದ ದಿನಗಳು, ಎಲ್ಲ ತುಂಬಿತ್ತು. ಅಂತಿಮ ಪರಿಣಾಮ ಎಂಬ ಮನೆ ಮಾತ್ರ ಖಾಲಿ ಇತ್ತು.

"ಏನ ಬರೀತೀರಿ ಅಲ್ಲಿ?" ಎಂದು ಕೇಳಿದರು.

"ಯಾವುದೇ ತೊಂದರೆ ಇಲ್ಲ ಅಂತ."

ಅವರು ಮೇಜಿನ ಅಂಚು ಹಿಡಿದುಕೊಂಡು ನಿಂತರು. "ಕೂಸು ಆರ ತಿಂಗಳ ತನಕ ಬಾಟಲಿ ಹಾಲ ಕುಡೀತು. ಎದಿಗೆ ಬಟ್ಟಿ ಕಟಗೊಂಡ ಆಕಿ ಕಸಾ ಎತ್ತಿದ್ಲು. ತೊಂದರಿ ಇಲ್ಲ ಅಂತ ಬರೀತೀರೇನು?"

ಅದಕ್ಕೆ ವಹಿಯಲ್ಲಿ ಮನೆ ಇರಲಿಲ್ಲ. ಪುಟದ ಕೊನೆಗೆ, ಷರಾ ಬರೆಯಲು ಬಿಟ್ಟಿದ್ದ ಇಕ್ಕಟ್ಟಿನ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಬರೆದೆ: ಈ ಕೆಲಸಗಾರ್ತಿಯ ಏಳು ತಿಂಗಳ ಮಗಳಿಗೆ ಅಂದಿನಿಂದ ತಾಯಿಯ ಹಾಲು ಸಿಗಲಿಲ್ಲ.

ನಾನು ಬರೆದು ಮುಗಿಸುವ ತನಕ ಅವರು ನಿಂತಿದ್ದರು. ಆಮೇಲೆ ಲಕ್ಷ್ಮೇಶ್ವರದ ಬಸ್ಸಿಗೆ ಹೋದರು.